ಡೆಂಗಿಯೋ, ಬರೀ ವೈರಲ್ ಜ್ವರವೋ? ಮೊದಲು ದಿನ ಎಣಿಸಿ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬದಲಿಸಿದ ದಿನ ಬರೆದಿಡುವುದು ಅಮ್ಮನ ರೂಢಿ. ಒಂದು ಮಳೆಗಾಲದಲ್ಲಿ ಅದರ ಪಕ್ಕಕ್ಕೇ ತಮ್ಮನ ಜ್ವರದ ಲೆಕ್ಕವೂ ಸೇರಿಕೊಂಡಿತು. ಸೋಮವಾರದ ಚೌಕದಲ್ಲಿ ‘ಜ್ವರ ಶುರು, ರಾತ್ರಿ 8’ ಎಂದಿತ್ತು. ಶನಿವಾರ ಬೆಳಿಗ್ಗೆ ಮೈ ತಣ್ಣಗಾಗಿತ್ತು. ತಮ್ಮ ಬಿಸಿನೀರು ಸ್ನಾನ ಮಾಡಿ ಬಂದು, “ಸರಿಹೋಯ್ತು ಬಿಡಮ್ಮ, ಮಾಮೂಲಿ ವೈರಲ್ಲು” ಅಂದ. ಅಮ್ಮ ಖುಷಿಯಲ್ಲಿ ತಿಳಿಸಾರು ಅನ್ನ ಬಡಿಸಿದಳು. ಹನ್ನೊಂದರ ಹೊತ್ತಿಗೆ ಅವನು ಹೊಟ್ಟೆ ಹಿಡಿದುಕೊಂಡು ಮುದುರಿ ಕೂತ. ಎರಡು ಸಲ ವಾಂತಿಯಾಯಿತು. ಕೈ ಮುಟ್ಟಿದರೆ ಮಂಜುಗಡ್ಡೆ. ಅಮ್ಮ ಕ್ಯಾಲೆಂಡರ್ ನೋಡಿ, “ಐದನೇ ದಿನ ಕಣೋ ಇದು” ಎಂದವಳೇ ಆಟೊ ಕರೆಸಿದಳು.

ಅದು ಡೆಂಗಿಯೇ ಆಗಿತ್ತು. ಹೊತ್ತಿಗೆ ಸರಿಯಾಗಿ ಹೋಗಿದ್ದರಿಂದ ಮೂರು ದಿನದಲ್ಲಿ ಮನೆಗೆ ಬಂದ. ನಾನು ವೈದ್ಯನಲ್ಲ. ಆದರೆ ಆ ವಾರ ಆಸ್ಪತ್ರೆಯಲ್ಲಿ ಕೂತು ಕಲಿತದ್ದನ್ನು, ಆಮೇಲೆ ಓದಿ ಕೇಳಿ ತಿಳಿದುಕೊಂಡದ್ದನ್ನು ನೆಂಟರಿಷ್ಟರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಡುತ್ತಿದ್ದೇನೆ.

ಒಂದನೇ ಕೆಲಸ: ದಿನವಷ್ಟೇ ಸಾಲದು, ಹೊತ್ತನ್ನೂ ಬರೆಯಿರಿ

ಥರ್ಮಾಮೀಟರ್ ಹುಡುಕುವ ಮೊದಲೇ ಜ್ವರ ಶುರುವಾದ ದಿನ ಮತ್ತು ಹೊತ್ತನ್ನು ಬರೆದಿಡಿ. “ಮೂರ್ನಾಲ್ಕು ದಿನದಿಂದ ಜ್ವರ” ಎಂದು ವೈದ್ಯರ ಮುಂದೆ ಹೇಳುವುದಕ್ಕೂ, “ಸೋಮವಾರ ರಾತ್ರಿ ಎಂಟಕ್ಕೆ ಚಳಿ ಹಿಡಿದು ಬಂತು” ಎಂದು ಹೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಯಾವ ರಕ್ತಪರೀಕ್ಷೆ ಮಾಡಿಸಬೇಕು, ರಿಪೋರ್ಟನ್ನು ಎಷ್ಟು ನಂಬಬೇಕು, ಯಾವ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಲ್ಲವೂ ಈ ಎಣಿಕೆಯ ಮೇಲೆಯೇ ನಿಂತಿವೆ. ಜ್ವರ ಕಾಣಿಸಿದ ಮೊದಲ 24 ಗಂಟೆ ಒಂದನೇ ದಿನ.

ಅದೇ ಹಾಳೆಯಲ್ಲಿ ಇನ್ನೆರಡು ಅಂಕಣ ಮಾಡಿ: ಜ್ವರ ಎಷ್ಟಿತ್ತು, ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ. ಮೂರನೆಯದು ಮೂತ್ರದ್ದು. ಎಷ್ಟು ಸಲ, ಯಾವ ಹೊತ್ತಿಗೆ. ಇದನ್ನು ಬರೆಯಲು ಎಲ್ಲರಿಗೂ ಮುಜುಗರ. ಆದರೆ ನಾಲ್ಕನೇ ದಿನ ದಾಟಿದ ಮೇಲೆ ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ.

ಮೊದಲೆರಡು ದಿನ: ಮುಖ ನೋಡಿ ಹೇಳಲಾಗದ ದಿನಗಳು

ಮೊದಲ 48 ಗಂಟೆಯಲ್ಲಿ ಬರೀ ಲಕ್ಷಣ ನೋಡಿ ಇದು ಡೆಂಗಿ, ಇದಲ್ಲ ಎಂದು ಖಚಿತವಾಗಿ ಹೇಳಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ಡೆಂಗಿಯೂ ಒಂದು ವೈರಲ್ ಜ್ವರವೇ ತಾನೆ. ಆದರೂ ಒಂದು ಅಂದಾಜು ಸಿಗುತ್ತದೆ.

ಮಾಮೂಲಿ ವೈರಲ್ ಜ್ವರ ಹೆಚ್ಚಾಗಿ ಮೂಗು, ಗಂಟಲಿನಿಂದ ಶುರುವಾಗುತ್ತದೆ. ಮೂಗು ಸೋರುತ್ತದೆ, ಸೀನು ಬರುತ್ತದೆ, ಗಂಟಲು ಕೆರೆಯುತ್ತದೆ, ಕೆಮ್ಮು ಸೇರಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದು ಒಂದೆರಡು ದಿನಕ್ಕೆ ಇನ್ನೊಬ್ಬರಿಗೆ ದಾಟುತ್ತದೆ. ಡೆಂಗಿ ಹೀಗೆ ಮುನ್ಸೂಚನೆ ಕೊಟ್ಟು ಬರುವುದು ಕಡಿಮೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ 102, 103 ಡಿಗ್ರಿ ಜ್ವರದಲ್ಲಿ ಮಲಗಿರುತ್ತಾರೆ. ತಲೆ ಸಿಡಿಯುತ್ತದೆ, ಕಣ್ಣುಗುಡ್ಡೆ ಆಚೀಚೆ ತಿರುಗಿಸಿದರೆ ಅದರ ಹಿಂದೆ ನೋವು. ಸೊಂಟ, ತೊಡೆ, ಮೀನಖಂಡ ಯಾರೋ ಬಡಿಗೆಯಲ್ಲಿ ಬಡಿದ ಹಾಗೆ. ಮುಖ, ಕತ್ತು ಬಿಸಿಲಲ್ಲಿ ನಿಂತವರಂತೆ ಕೆಂಪೇರಿರುತ್ತವೆ. ಊಟ ಕಂಡರೆ ಹೇಸಿಗೆ. ನೆಗಡಿ ಮಾತ್ರ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೆ.

ಮಳೆಗಾಲದಲ್ಲಿ ಜೋರು ಜ್ವರ, ಮೈಕೈ ನೋವು ಇದ್ದು ನೆಗಡಿ ಕೆಮ್ಮು ಇಲ್ಲದಿದ್ದರೆ ನಾನಂತೂ ಡೆಂಗಿ ಎಂದೇ ಅನುಮಾನಿಸಿ ಶುರುಮಾಡುತ್ತೇನೆ. ಆಮೇಲೆ ಅಲ್ಲವೆಂದಾದರೆ ನಷ್ಟವೇನೂ ಇಲ್ಲ. ಆದರೆ ಇದಕ್ಕೂ ಅಪವಾದವಿದೆ. ಮಕ್ಕಳಲ್ಲಿ ಡೆಂಗಿಯ ಜೊತೆ ಗಂಟಲು ಕೆಂಪಾಗುವುದು, ಸ್ವಲ್ಪ ಭೇದಿಯಾಗುವುದು ಇರುತ್ತದೆ. ಫ್ಲೂ ಜ್ವರದಲ್ಲೂ ಮೈಕೈ ನೋವು ಹೆಚ್ಚೇ. ಮನೆಯ ಇಬ್ಬರಿಗೆ ಒಟ್ಟಿಗೇ ಜ್ವರ ಬಂತೆಂದು ಡೆಂಗಿ ಅಲ್ಲವೆನ್ನಲೂ ಆಗದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಬ್ಬರ ಬಳಿ ಕೂತು ಹೊಟ್ಟೆ ತುಂಬಿಸಿಕೊಳ್ಳುವ ತಾಳ್ಮೆ ಇಲ್ಲ. ಇವರನ್ನಿಷ್ಟು ಅವರನ್ನಿಷ್ಟು ಕಚ್ಚುತ್ತಾ ಒಂದೇ ದಿನ ಮನೆಮಂದಿಗೆಲ್ಲ ಹಂಚಿಬಿಡುತ್ತದೆ.

ಇನ್ನು ಗುಳ್ಳೆಯ ವಿಷಯ. ಮೈಮೇಲೆ ಕೆಂಪು ಕಾಣಿಸಿದರೆ ಮಾತ್ರ ಡೆಂಗಿ ಎಂದು ಕಾಯುವವರಿದ್ದಾರೆ. ಚರ್ಮ ಕೆಂಪಾಗುವುದು ಎಷ್ಟೋ ಜನರಲ್ಲಿ ಮೂರನೇ ದಿನ ಕಳೆದ ಮೇಲೆಯೇ, ಕೆಲವರಲ್ಲಿ ಇಲ್ಲವೇ ಇಲ್ಲ. ಕಾಣಿಸಿದರೆ ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬಿಳಿಚಿಕೊಂಡರೆ ಅದು ಬರೀ ಕೆಂಪು. ಒತ್ತಿದರೂ ಮಾಯವಾಗದ, ಸೂಜಿ ಚುಚ್ಚಿದಂಥ ಚುಕ್ಕೆಗಳಾದರೆ ಚರ್ಮದಡಿ ರಕ್ತ ಒಸರಿದೆ ಎಂದರ್ಥ. ಅದನ್ನು ಅಂದೇ ವೈದ್ಯರಿಗೆ ತೋರಿಸಿ.

ಯಾವ ದಿನಕ್ಕೆ ಯಾವ ಪರೀಕ್ಷೆ

ದುಡ್ಡು ಸುಮ್ಮನೆ ಹೋಗುವುದು ಇಲ್ಲಿಯೇ. ಲ್ಯಾಬಿಗೆ ಹೋಗಿ ‘ಡೆಂಗಿ ಟೆಸ್ಟ್’ ಎಂದರೆ ಮೂರು ಹೆಸರು ಕೇಳಿಸುತ್ತವೆ: ಎನ್‌ಎಸ್1, ಐಜಿಎಂ, ಐಜಿಜಿ.

ಎನ್‌ಎಸ್1 ಎಂಬುದು ವೈರಸ್ಸಿನದೇ ಒಂದು ಪ್ರೋಟೀನು. ಜ್ವರದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಐದು ದಿನ ದಾಟುತ್ತಾ ಸಿಗುವುದು ಕಡಿಮೆಯಾಗುತ್ತದೆ. ಐಜಿಎಂ ನಮ್ಮ ಮೈ ಆ ವೈರಸ್ಸಿಗೆ ಎದುರಾಗಿ ತಯಾರಿಸುವ ಪ್ರತಿಕಾಯ. ಅದು ಕಾಣಿಸಿಕೊಳ್ಳಲು ಹೆಚ್ಚಾಗಿ ನಾಲ್ಕೈದು ದಿನ ಬೇಕು. ಹಾಗಾಗಿ ಎರಡನೇ ದಿನ ಐಜಿಎಂ ಮಾಡಿಸಿ “ನೆಗೆಟಿವ್ ಬಂತು, ಡೆಂಗಿ ಇಲ್ಲ” ಎಂದು ನಿಟ್ಟುಸಿರು ಬಿಟ್ಟರೆ ಮೋಸಹೋದಂತೆ. ಏಳನೇ ದಿನ ಬರೀ ಎನ್‌ಎಸ್1 ಮಾಡಿಸಿದರೂ ಅದೇ ಕಥೆ. ಮೊದಲ ಐದು ದಿನದೊಳಗೆ ಎನ್‌ಎಸ್1, ಆಮೇಲೆ ಐಜಿಎಂ, ಇಷ್ಟು ನೆನಪಿಟ್ಟರೆ ಸಾಕು. ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿದಿರಬಹುದು. ಆದ್ದರಿಂದ ಹೋದ ತಿಂಗಳು ಬಂದು ಹೋದ ಡೆಂಗಿಗೂ ಇವತ್ತಿನ ನೆಗಡಿ ಜ್ವರಕ್ಕೂ ತಳುಕು ಬೀಳುವುದುಂಟು. ಐಜಿಜಿಯೂ ಒಂದು ಪ್ರತಿಕಾಯವೇ. ಅದೊಂದೇ ಪಾಸಿಟಿವ್ ಆಗಿದ್ದರೆ ಹೆಚ್ಚಾಗಿ ಅದು ಹಳೆಯ ಸೋಂಕಿನ ಗುರುತು. ಆದರೆ ಆ ಹಳೆಯ ಗುರುತಿಗೂ ಬೆಲೆಯಿದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗುಲಿದಾಗ ಕಾಯಿಲೆ ಬಿಗಡಾಯಿಸುವ ಸಾಧ್ಯತೆ ಹೆಚ್ಚು. ಮೊದಲೊಮ್ಮೆ ಡೆಂಗಿ ಬಂದಿತ್ತೆಂದರೆ ವೈದ್ಯರಿಗೆ ಅದನ್ನು ಹೇಳಲು ಮರೆಯಬೇಡಿ.

ಹತ್ತು ಇಪ್ಪತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಾರ್ಡ್ ಪರೀಕ್ಷೆಗಿಂತ ಲ್ಯಾಬಿನ ಯಂತ್ರದಲ್ಲಿ ಮಾಡುವ ಎಲಿಸಾ ವಿಧಾನ ನಂಬಿಕೆಗೆ ಯೋಗ್ಯ. ಸರ್ಕಾರದ ಲೆಕ್ಕಕ್ಕೆ ಖಚಿತ ಡೆಂಗಿ ಎಂದು ಸೇರುವುದೂ ಎಲಿಸಾದಲ್ಲಿ ಸಿಕ್ಕಿದ್ದೇ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ವಿಪರೀತವಾದಾಗ, ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆ, ಲ್ಯಾಬುಗಳಿಗೆ ದರ ಗೊತ್ತುಮಾಡಿತು: ಎನ್‌ಎಸ್1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300, ಮೂರೂ ಸೇರಿದ ಕಾರ್ಡ್ ಪರೀಕ್ಷೆಗೆ 250. ಬಿಲ್ ಇದಕ್ಕಿಂತ ತುಂಬಾ ಮೇಲಿದ್ದರೆ ಕೇಳಲು ಸಂಕೋಚಪಡಬೇಡಿ.

ಇಷ್ಟೆಲ್ಲ ಇದ್ದೂ ಎನ್‌ಎಸ್1 ನೆಗೆಟಿವ್ ಬರಬಹುದು, ಎರಡನೇ ಸಲದ ಡೆಂಗಿಯಲ್ಲಂತೂ ಹೆಚ್ಚು. ಲಕ್ಷಣ ಹೊಂದುತ್ತಿದ್ದರೆ ವೈದ್ಯರು ರಿಪೋರ್ಟು ಬದಿಗಿಟ್ಟು ಡೆಂಗಿ ಎಂದೇ ನೋಡಿಕೊಳ್ಳುತ್ತಾರೆ. ಅದು ಸರಿಯೂ ಹೌದು.

ಸಿಬಿಸಿ ಹಾಳೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಲು

ಡೆಂಗಿ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಾದಾ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ. ಅದನ್ನು ಒಂದು ಸಲ ಮಾಡಿಸಿ ಬಿಡುವುದಲ್ಲ. ಮೂರನೇ ದಿನ ಒಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ದಿನಕ್ಕೊಮ್ಮೆ ಮಾಡಿಸಿ, ಹಿಂದಿನ ದಿನದ್ದಕ್ಕೆ ಹೋಲಿಸಿ ನೋಡಬೇಕು.

ನಮ್ಮ ಜನ ಆ ಹಾಳೆ ಕೈಗೆ ಬಂದ ತಕ್ಷಣ ಹುಡುಕುವುದು ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಒಂದನ್ನೇ. “ಎಷ್ಟಿದೆ? ಎಂಬತ್ತು ಸಾವಿರಾನಾ? ಅಯ್ಯೋ!” ಪ್ಲೇಟ್‌ಲೆಟ್ ಸಾಧಾರಣವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಬೇರೆ ವೈರಲ್ ಜ್ವರಗಳಲ್ಲೂ ಅದು ಸ್ವಲ್ಪ ಇಳಿಯಬಹುದು. ಬರೀ 1,20,000 ಕಂಡು ಡೆಂಗಿ ಎನ್ನಲಾಗದು. ಒಂದೇ ಸಮನೆ ಇಳಿಯುತ್ತಾ ಲಕ್ಷದ ಕೆಳಗೆ ಬಂತೆಂದರೆ ಡೆಂಗಿಯ ಅನುಮಾನ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲೇ ಬಿಳಿ ರಕ್ತಕಣಗಳು ನಾಲ್ಕು ಸಾವಿರದ ಕೆಳಗಿಳಿದಿರುವುದನ್ನು ಎಷ್ಟೋ ಡೆಂಗಿ ರಿಪೋರ್ಟುಗಳಲ್ಲಿ ಕಾಣಬಹುದು.

ಆದರೆ ಅಪಾಯ ಹೇಳುವ ಸಾಲು ಬೇರೆ. ಪಿಸಿವಿ ಅಥವಾ ಹೆಮಟೊಕ್ರಿಟ್ ಎಂದು ಬರೆದಿರುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಡೆಂಗಿ ಬಿಗಡಾಯಿಸುವುದೆಂದರೆ ಮುಖ್ಯವಾಗಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುವುದು. ಸೋರಿದ ನೀರು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ಒಳಗುಳಿದ ರಕ್ತ ಹೆಚ್ಚು ಕುದಿಸಿದ ಸಾರಿನ ಹಾಗೆ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ನಮ್ಮ ತಮ್ಮನದು ಮೂರನೇ ದಿನ 41 ಇದ್ದದ್ದು ಶನಿವಾರ ಮಧ್ಯಾಹ್ನ 50 ಆಗಿತ್ತು. ಮೊದಲಿದ್ದದ್ದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಏರಿದರೆ ಸೋರಿಕೆ ಜೋರಾಗಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅವನ ಪ್ಲೇಟ್‌ಲೆಟ್ 62,000 ಇತ್ತು. ನಾವೆಲ್ಲ ಅದನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದರೆ ವಾರ್ಡಿನ ಡಾಕ್ಟರಮ್ಮ ಅದರ ಕಡೆ ಹೆಚ್ಚು ನೋಡಲೇ ಇಲ್ಲ. ಪಿಸಿವಿ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಡ್ರಿಪ್ ಶುರು ಮಾಡಿಸಿದರು. ಪ್ಲೇಟ್‌ಲೆಟ್ ಏರಿಸಬೇಕಾಗುವುದು ರಕ್ತಸ್ರಾವವಾಗುತ್ತಿದ್ದರೆ, ಇಲ್ಲವೇ ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಇಳಿದರೆ. ಐವತ್ತು ಸಾವಿರಕ್ಕೇ ದಾನಿಗಳಿಗಾಗಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹುಡುಕಾಡುವುದು ಬೇಡ.

ಮನೆಯಲ್ಲಿ ಏನು ಕೊಡಬೇಕು, ಏನು ಮುಟ್ಟಬಾರದು

ಡೆಂಗಿಯೋ ವೈರಲ್ಲೋ ಗೊತ್ತಾಗುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ದೊಡ್ಡವರಿಗೆ 500 ಅಥವಾ 650ರ ಒಂದು ಮಾತ್ರೆ, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ. ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕದ ಪ್ರಕಾರ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಒಂದೇ ಹೆಸರಿನ ಸಿರಪ್ ಎರಡು ಮೂರು ಶಕ್ತಿಯಲ್ಲಿ ಸಿಗುವುದರಿಂದ ಬಾಟಲಿಯ ಮೇಲಿರುವುದನ್ನು ಓದಿ ಕೊಡಿ. ಮಾತ್ರೆ ಹಾಕಿದ ಮೇಲೂ 101 ಇದೆ ಎಂದು ಮತ್ತೊಂದು ನುಂಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಇವು ಬೇಡ. ಹೊಟ್ಟೆಯ ಒಳಪೊರೆ ಕೆಣಕಿ ರಕ್ತಸ್ರಾವಕ್ಕೆ ದಾರಿಮಾಡುತ್ತವೆ. ಮೈಕೈ ನೋವೆಂದರೆ ಮೆಡಿಕಲ್ ಶಾಪಿನವರು ಕೈಗಿಡುವುದು ಬಹುಮಟ್ಟಿಗೆ ಇವುಗಳನ್ನೇ, ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಜ್ವರ ಬಿಟ್ಟುಹೋಗುತ್ತದೆ ಎಂಬ ಹಳ್ಳಿ ಕಡೆಯ ನಂಬಿಕೆಯೂ ಡೆಂಗಿಯಲ್ಲಿ ಒಳ್ಳೆಯದಲ್ಲ. ಪ್ಲೇಟ್‌ಲೆಟ್ ಇಳಿದಿರುವಾಗ ಸೂಜಿ ಚುಚ್ಚಿದ ಕಡೆ ರಕ್ತ ಕಟ್ಟಿ ಊದಿಕೊಳ್ಳುತ್ತದೆ. ಹೃದಯದ ತೊಂದರೆಗೆ ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ.

ಕುಡಿಯುವುದಕ್ಕೆ ಬರೀ ನೀರಿಗಿಂತ ಉಪ್ಪು ಸಕ್ಕರೆ ಇರುವುದು ಮೇಲು: ಓಆರ್‌ಎಸ್, ಗಂಜಿ ತಿಳಿ, ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು, ನಿಂಬೆ ಪಾನಕ. ವಾಂತಿ ಬರುವವರಿಗೆ ಒಂದೇ ಸಲ ಲೋಟ ಎತ್ತಿಸಬೇಡಿ. ಐದು ನಿಮಿಷಕ್ಕೆರಡು ಚಮಚ ಕೊಡುತ್ತಾ ಹೋಗಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಬರುತ್ತಿದ್ದರೆ ಕುಡಿಯುತ್ತಿರುವುದು ಸಾಲುತ್ತಿದೆ ಎಂದುಕೊಳ್ಳಿ. ದಾಳಿಂಬೆ, ಬೀಟ್‌ರೂಟ್ ಜ್ಯೂಸ್ ರಕ್ತ ಹೆಚ್ಚಿಸುತ್ತದೆಂದು ನೆಂಟರು ತಂದುಕೊಡುತ್ತಾರೆ. ಆ ವಾರ ಮಾತ್ರ ಅದು ಬೇಡ. ವಾಂತಿಯಾದಾಗ ಕೆಂಪು ಕಂಡರೆ ಅದು ಜ್ಯೂಸೋ ರಕ್ತವೋ ತಿಳಿಯದೆ ಎಲ್ಲರೂ ಕಂಗಾಲಾಗುತ್ತಾರೆ.

ಪರಂಗಿ ಎಲೆ ರಸದ ಮಾತು ಎತ್ತದೆ ಹೋದರೆ ಯಾರೂ ಒಪ್ಪುವುದಿಲ್ಲ. ಅದರಿಂದ ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಬೇಗ ಏರಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ರಕ್ತನಾಳದ ಸೋರಿಕೆ ನಿಲ್ಲುತ್ತದೆ, ಜೀವ ಉಳಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ವಿಪರೀತ ಕಹಿ. ಮೊದಲೇ ವಾಕರಿಕೆ ಇರುವವರಿಗೆ ಬಲವಂತವಾಗಿ ಕುಡಿಸಿ, ಹೊಟ್ಟೆಯಲ್ಲಿದ್ದ ಗಂಜಿಯನ್ನೂ ಹೊರಹಾಕಿಸಿದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಜ್ವರ ಇಳಿದ ಮೇಲಿನ ಎರಡು ದಿನ

ಮಾಮೂಲಿ ವೈರಲ್ ಜ್ವರ ಇಳಿದರೆ ಮನುಷ್ಯ ಗೆಲುವಾಗುತ್ತಾನೆ, ಹಸಿವು ಬರುತ್ತದೆ, ಮೊಬೈಲ್ ಕೇಳುತ್ತಾನೆ. ಡೆಂಗಿಯಲ್ಲಿ ಹೆಚ್ಚಿನವರು ಹಾಗೆಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ರಕ್ತನಾಳ ಸೋರುವುದು ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಒಂದೆರಡು ದಿನ ಅದು ನಡೆಯುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಿ ತೋರಿಸುವ ಗಳಿಗೆ ಇದೇ: ಜ್ವರ ಇಳಿದಾಗ ಮನುಷ್ಯ ಎದ್ದನೋ, ಇನ್ನಷ್ಟು ಕುಗ್ಗಿದನೋ?

ಈ 48 ಗಂಟೆ ರೋಗಿಯನ್ನು ಒಬ್ಬರನ್ನೇ ಬಿಡಬೇಡಿ. ಸಹಿಸಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಡಾಂಬರಿನಂಥ ಕಪ್ಪು ಮಲ, ಮುಟ್ಟಿನಲ್ಲಿ ಎಂದಿಗಿಂತ ಹೆಚ್ಚು ಸ್ರಾವ, ಏದುಸಿರು, ಎಬ್ಬಿಸಿದರೂ ಏಳದ ಮಂಪರು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಆರು ಗಂಟೆ ಕಳೆದರೂ ಮೂತ್ರ ಇಲ್ಲ, ಎದ್ದು ನಿಂತರೆ ತಲೆ ಸುತ್ತು, ಕೈಕಾಲು ತಣ್ಣಗೆ. ಇವುಗಳಲ್ಲಿ ಒಂದೇ ಒಂದು ಕಂಡರೂ ಬೆಳಗಾಗಲಿ ಎನ್ನದೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಒಂದು ಸುಲಭದ ಲೆಕ್ಕವಿದೆ. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ. 120/80 ಇದ್ದರೆ ಅಂತರ 40, ಅದು ಸರಿ. 100/80 ಬಂದರೆ ಅಂತರ ಇಪ್ಪತ್ತಕ್ಕೆ ಬಂತು. ‘ಮೇಲಿನದು ನೂರಿದೆಯಲ್ಲ’ ಎಂಬ ಸಮಾಧಾನ ಬೇಡ, ಅದು ತುರ್ತು. ಮೆಷಿನ್ ಇಲ್ಲದವರು ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು.

ಬಸುರಿಯರು, ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಈ ಲಕ್ಷಣಗಳಿಗಾಗಿ ಕಾಯುವುದು ಬೇಡ. ಮೊದಲ ದಿನವೇ ತೋರಿಸಿ.

ಎರಡೂ ಅಲ್ಲದಿದ್ದರೆ

ಡೆಂಗಿಯೂ ಅಲ್ಲ, ಐದಾರು ದಿನವಾದರೂ ಜ್ವರ ಬಿಡುತ್ತಿಲ್ಲ ಎಂದಾದರೆ ಊರು ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕರಾವಳಿಯಲ್ಲಿ, ಗದ್ದೆ ತೋಟದ ಕೆಸರಲ್ಲಿ ಕೆಲಸ ಮಾಡುವವರಿಗೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಅಥವಾ ಹಳದಿ ಆಗಿದ್ದರೆ ಇಲಿಜ್ವರ. ಮಂಗಳೂರಿನ ಕಡೆ ಮಲೇರಿಯಾವನ್ನು ಮರೆಯುವ ಹಾಗಿಲ್ಲ. ಗಂಟುಗಳು ಊದಿಕೊಂಡು ಬೆರಳು ಮಡಚಲೂ ಆಗದಿದ್ದರೆ ಚಿಕೂನ್‌ಗುನ್ಯಾ. ಅದನ್ನು ತರುವುದೂ ಇದೇ ಸೊಳ್ಳೆ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇ ವರೆಗೆ ಬರುವ ಜೋರು ಜ್ವರವಾದರೆ, ದರಗು (ಒಣಗಿದ ಎಲೆ) ತರಲೋ ಸೌದೆಗೋ ಕಾಡಿಗೆ ಹೋಗಿದ್ದಿರಾ ಎಂಬ ಪ್ರಶ್ನೆ ಮೊದಲು ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಎಂಬ ರಕ್ತ ಹೀರುವ ಹುಳುವಿನಿಂದ ಹರಡುತ್ತದೆ. ಅದರಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುತ್ತವೆ.

ಜ್ವರ ಬಂದವರಿಗೂ ಸೊಳ್ಳೆಪರದೆ, ಹಗಲಲ್ಲೂ

ಜ್ವರವಿರುವ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತದೆ. ಆಗ ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ಬೇರೆಯವರಿಗೆ ಹಂಚಲು ತಯಾರಾಗುತ್ತದೆ. ಈಡಿಸ್ ಹಗಲಿನ ಸೊಳ್ಳೆ, ಬೆಳಿಗ್ಗೆ ಮತ್ತು ಸೂರ್ಯ ಮುಳುಗುವ ಮೊದಲಿನ ಒಂದೆರಡು ಗಂಟೆ ಅದರ ಕಾಟ ಹೆಚ್ಚು. ಆದ್ದರಿಂದ ಮಲಗಿದವರಿಗೆ ಹಗಲಲ್ಲೂ ಪರದೆ ಕಟ್ಟಿ.

ಆಮೇಲೆ ಮನೆ ಸುತ್ತ ಒಂದು ಸುತ್ತು ಬನ್ನಿ. ಈ ಸೊಳ್ಳೆ ಬಹುದೂರ ಹಾರುವುದಲ್ಲ, ಹುಟ್ಟಿದ ನೂರಿನ್ನೂರು ಮೀಟರಿನಲ್ಲೇ ಬದುಕು ಮುಗಿಸುತ್ತದೆ. ಮೋರಿಯ ಕೊಳಕು ನೀರಿಗಿಂತ ನಿಮ್ಮ ಸಂಪು, ಡ್ರಮ್ಮು, ಫ್ರಿಡ್ಜಿನ ಹಿಂದಿನ ತಟ್ಟೆ, ಹೂಕುಂಡದಡಿಯ ಬಟ್ಟಲು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಕೆ ಹಾಳೆ, ರಬ್ಬರ್ ಮರದ ಚಿಪ್ಪುಗಳೇ ಅದಕ್ಕೆ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು. ನೀರು ಚೆಲ್ಲಿ ಡ್ರಮ್ ಬೋರಲು ಹಾಕಿದರೆ ಕೆಲಸ ಅರ್ಧವೇ ಆಯಿತು. ಮೊಟ್ಟೆಗಳು ನೀರಿನ ಅಂಚಿಗೆ ಒಳಗೋಡೆಯಲ್ಲಿ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತುಂಬಿದ ದಿನ ಒಡೆಯುತ್ತವೆ. ತೆಂಗಿನ ನಾರಿನಿಂದ ಒಳಗೋಡೆಯನ್ನು ಚೆನ್ನಾಗಿ ಉಜ್ಜಿ, ತೊಳೆದು, ಆಮೇಲೆ ನೀರು ಹಿಡಿಯಿರಿ.

ನಮ್ಮ ಮನೆಯಲ್ಲಿ ಹುಳು ಸಿಕ್ಕಿದ್ದು ತುಳಸಿಕಟ್ಟೆ ಪಕ್ಕದಲ್ಲಿ, ಹಕ್ಕಿಗಳಿಗೆಂದು ಅಮ್ಮನೇ ಇಟ್ಟಿದ್ದ ಮಣ್ಣಿನ ಬಟ್ಟಲಿನಲ್ಲಿ. ಈಗಲೂ ಇಡುತ್ತಾಳೆ. ದಿನಾ ಬೆಳಿಗ್ಗೆ ಉಜ್ಜಿ, ಹೊಸ ನೀರು ಹಾಕಿ.